ಸಮಸ್ಯೆಯೇ ಇಲ್ಲದ ಸಂಶೋಧನೆ

ಶಿಕ್ಷಣ ಸಂಶೋಧನೆಯ ಯಾವ ಪಠ್ಯಪುಸ್ತಕ ತೆರೆದರೂ ಸಮಸ್ಯೆಯ ನಿರೂಪಣೆಗೆ ಒಂದು ಅಧ್ಯಾಯ ಮೀಸಲಿರುತ್ತದೆ. ಅಂಥ ಅಧ್ಯಾಯ ಹುಟ್ಟುವ ಮೊದಲೂ ಸಮಸ್ಯೆಯನ್ನು ಚೆನ್ನಾಗಿ ಹಿಡಿದವರಿದ್ದರು. ವೈದ್ಯವೃತ್ತಿಯಿಂದ ಶಿಕ್ಷಣದತ್ತ ಹೊರಳಿದ ಅಮೆರಿಕದ ಜೋಸೆಫ್ ಮೇಯರ್ ರೈಸ್ ಅವರಲ್ಲೊಬ್ಬರು. ಶಾಲೆಗಳು ಮಕ್ಕಳಿಂದ ದಿನವೂ ಕಾಗುಣಿತ ಉರು ಹೊಡೆಸುತ್ತಿದ್ದ ಕಾಲವದು. ಅಷ್ಟು ಹೊತ್ತು ಕಳೆದದ್ದಕ್ಕೆ ಫಲ ಸಿಗುತ್ತಿದೆಯೇ ಎಂಬುದಷ್ಟೇ ಅವರ ಪ್ರಶ್ನೆ. ಸುಮಾರು 33,000 ಮಕ್ಕಳನ್ನು ಪರೀಕ್ಷಿಸಿ, ಹೆಚ್ಚು ಹೊತ್ತು ಉರು ಹೊಡೆಸಿದ ಶಾಲೆಗಳೇನೂ ಮುಂದಿಲ್ಲವೆಂದು 1897ರಲ್ಲಿ ಪ್ರಕಟಿಸಿದರು. ಶಿಕ್ಷಣ ತಜ್ಞರು ಸಿಟ್ಟಾದರು. ರೈಸ್ ಅವರ ಬರಹದಲ್ಲಿ ಸಿದ್ಧಾಂತ ತೆಳುವಾಗಿರಬಹುದು. ಆದರೆ ಯಾರ ಸಮಯ ಎಲ್ಲಿ ಹಾಳಾಗುತ್ತಿದೆ, ಹಾಗೆನ್ನಲು ಆಧಾರವೇನು ಎಂಬುದರಲ್ಲಿ ಗೊಂದಲವಿಲ್ಲ.

ಈ ನೇರತನಕ್ಕೆ ತಾತ್ವಿಕ ನೆಲೆ ಕೊಟ್ಟವರು ಜಾನ್ ಡ್ಯೂಯಿ. ಸಂದೇಹ ತುಂಬಿದ ಸನ್ನಿವೇಶವೊಂದು ಮೊದಲು ಇರಬೇಕು, ವಿಚಾರಣೆ ಅದನ್ನು ಸಮಸ್ಯೆಯಾಗಿ ರೂಪಿಸುತ್ತದೆ ಎಂಬುದು 1938ರ ಅವರ ತರ್ಕಗ್ರಂಥದ ನಿಲುವು. 1964ರಲ್ಲಿ ಫ್ರೆಡ್ ಕರ್ಲಿಂಜರ್ ಇದಕ್ಕೆ ಬಿಗಿಯಾದ ಚೌಕಟ್ಟು ಹಾಕಿದರು: ಸಮಸ್ಯೆಯು ಚಲಕಗಳ ನಡುವಿನ ಸಂಬಂಧವನ್ನು ಹೇಳಬೇಕು, ಪ್ರಶ್ನೆಯ ರೂಪದಲ್ಲಿರಬೇಕು, ಪರೀಕ್ಷೆಗೆ ಒಳಪಡುವಂತಿರಬೇಕು. ಬಂದ ಲಾಭ ಸಣ್ಣದಲ್ಲ. ಆದರೆ ಚೌಕಟ್ಟು ಕೈಗೆ ಬಂದ ಮೇಲೆ ಸಂದೇಹದ ಸನ್ನಿವೇಶ ಮೆಲ್ಲಗೆ ಮರೆಯಾಯಿತು. ಭಾರತದಲ್ಲಿ ಶಿಕ್ಷಣದ ಮೊದಲ ಪಿಎಚ್.ಡಿ. 1943ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಂತು. 1974ರಲ್ಲಿ ಬರೋಡದಿಂದ ಎಂ.ಬಿ. ಬುಚ್ ಸಂಪಾದಿಸಿದ ಮೊದಲ ಸಂಶೋಧನಾ ಸಮೀಕ್ಷೆ ಹೊರಬಿತ್ತು. ಅಷ್ಟರಲ್ಲಿ ಪ್ರಬಂಧಗಳ ಬೆಳೆ ಹುಲುಸಾಗಿತ್ತು. 'ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯ ಮೇಲೆ ಅಧ್ಯಯನ ಅಭ್ಯಾಸಗಳ ಪ್ರಭಾವ: ಒಂದು ಅಧ್ಯಯನ' ಎಂಬ ಧಾಟಿಯ ಶೀರ್ಷಿಕೆ ನಮಗೆ ಚಿರಪರಿಚಿತ. ಚಲಕಗಳೆರಡೂ ಇವೆ, ಅಳೆಯಲೂ ಬರುತ್ತದೆ. ಯಾರಿಗೆ ಏನು ತೊಂದರೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಮುಂದೆ 'ಅಂತರ' ಎಂಬ ಮಾತು ಚಲಾವಣೆಗೆ ಬಂತು. ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ವಿಶ್ಲೇಷಿಸಿದ ಜಾನ್ ಸ್ವೇಲ್ಸ್, ಲೇಖಕರು ಮೊದಲು ಕ್ಷೇತ್ರವನ್ನು ಗುರುತಿಸಿ, ಅದರಲ್ಲಿ ಖಾಲಿ ಜಾಗ ತೋರಿಸಿ, ಬಳಿಕ ಅಲ್ಲಿ ತಾವು ನೆಲೆಯೂರುವುದನ್ನು ವಿವರಿಸಿದರು. ಅವರದು ವರ್ಣನೆ, ಓದಿದವರು ಅದನ್ನೇ ವಿಧಿಯಾಗಿಸಿಕೊಂಡರು. ತಮ್ಮ ಜಿಲ್ಲೆಯಲ್ಲಿ ಈ ಅಧ್ಯಯನ ಯಾರೂ ಮಾಡಿಲ್ಲ ಎಂಬುದೇ ಸಮರ್ಥನೆಯಾಗಿಬಿಟ್ಟಿತು. ಯಾರೂ ಮಾಡದಿರಲು ಅದು ಬೇಕಾಗಿಲ್ಲವೆಂಬುದೂ ಕಾರಣವಿರಬಹುದಲ್ಲ! ಈ ಅಂತರ ಹುಡುಕಾಟವನ್ನು 2011ರಲ್ಲಿ ಆಲ್ವೆಸನ್ ಮತ್ತು ಸ್ಯಾಂಡ್‌ಬರ್ಗ್ ಪ್ರಶ್ನಿಸಿ, ಕ್ಷೇತ್ರ ಒಪ್ಪಿಕೊಂಡು ಕೂತಿರುವ ಊಹೆಗಳನ್ನೇ ಕೆದಕಬೇಕೆಂದರು. ಅವರು ನಿರ್ವಹಣಾಶಾಸ್ತ್ರದವರಾದರೂ ಮಾತು ಶಿಕ್ಷಣಕ್ಕೂ ಸಲ್ಲುತ್ತದೆ.

ಒಪ್ಪಿಕೊಂಡ ಊಹೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಕೀನ್ಯಾದ ಪಠ್ಯಪುಸ್ತಕಗಳ ಪ್ರಕರಣ ನೋಡಿ. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಆಗ ಹಲವು ಮಕ್ಕಳಿಗೆ ಒಂದೇ ಪುಸ್ತಕವಿತ್ತು. 'ಪುಸ್ತಕದ ಕೊರತೆ' ಎಂದು ಸಮಸ್ಯೆ ಬರೆದರೆ ಪರಿಹಾರ ಆ ಮಾತಿನೊಳಗೇ ಅಡಗಿದೆ: ಪುಸ್ತಕ ಕೊಡಿ. 1990ರ ದಶಕದಲ್ಲಿ ಕೊಟ್ಟೂ ನೋಡಿದರು. ಗ್ಲೂವಿ, ಕ್ರೆಮರ್, ಮೂಲಾಂ 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಲಾಭವಾಯಿತು. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ಅದು ಬಹಳ ಮಕ್ಕಳಿಗೆ ಮೂರನೆಯ ಭಾಷೆ. ಓದಲಾಗದ ಮಗುವಿಗೆ ಯಾವ ಪಾಠ ತಲುಪುತ್ತಿದೆ ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆಯಾಗಿತ್ತು. ಒಂದು ವಸ್ತು ಇಲ್ಲ ಎನ್ನುವುದನ್ನೇ ಸಮಸ್ಯೆ ಎಂದು ಬರೆಯುವವರು ಈ ಹಳ್ಳಕ್ಕೇ ಬೀಳುತ್ತಾರೆ.

ಹೊಸಬರಿಗೆ ಅಚ್ಚು ಬೇಡವೇ, ಅದಿಲ್ಲದೆ ಅವರು ಬರೆಯಲು ಕೂರುವುದಾದರೂ ಹೇಗೆ ಎಂದು ಮಾರ್ಗದರ್ಶಕರು ಕೇಳಬಹುದು. ನ್ಯಾಯವಾದ ಆಕ್ಷೇಪ. ವಿಷಯ, ಸಮಸ್ಯೆ, ಆಧಾರ, ಈವರೆಗಿನ ಅಧ್ಯಯನಗಳ ಕೊರತೆ, ಯಾರಿಗೆ ಉಪಯೋಗ ಎಂಬ ಜಾನ್ ಕ್ರೆಸ್‌ವೆಲ್ ಅವರ ಐದಂಶದ ಮಾದರಿ ಬರೆದದ್ದನ್ನು ಒರೆಹಚ್ಚಲು ಚೆನ್ನಾಗಿ ಒದಗುತ್ತದೆ. ಅದನ್ನೇ ಅರ್ಜಿ ನಮೂನೆಯಂತೆ ತುಂಬಿಸಹೊರಟಾಗ ಕೆಡುತ್ತದೆ. ಸಮಯವಿಲ್ಲ, ಪದವಿ ಮುಗಿಯಬೇಕು ಎಂಬ ಇನ್ನೊಂದು ವಾದವೂ ಇದೆ. ಆದರೆ ಸಮಸ್ಯೆ ಮಸುಕಾಗಿದ್ದರೆ ಪ್ರಶ್ನಾವಳಿ ಉದ್ದವಾಗುತ್ತದೆ, ಬಂದ ದತ್ತಾಂಶಕ್ಕೆ ಅರ್ಥ ಹುಡುಕುತ್ತಲೇ ವರ್ಷ ಕಳೆಯುತ್ತದೆ. ಸಿನಾಪ್ಸಿಸ್ ಒಪ್ಪುವ ಸಮಿತಿಗಳು ಶೀರ್ಷಿಕೆ ತಿದ್ದುವುದನ್ನು ಆಮೇಲೆ ಇಟ್ಟುಕೊಳ್ಳಲಿ. ಯಾವ ಮಕ್ಕಳಿಗೆ ಅಥವಾ ಯಾವ ಶಿಕ್ಷಕರಿಗೆ ಏನು ನಷ್ಟವಾಗುತ್ತಿದೆ, ಅದಕ್ಕೆ ಆಧಾರವೇನು ಎಂಬ ಒಂದು ಪ್ಯಾರಾವನ್ನು ಮೊದಲು ಕೇಳಲಿ.