ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಪದವಿ: ವ್ಯಾಸಂಗ, ತರಬೇತಿ ಹಾಗೂ ವೃತ್ತಿ

ಪ್ರಕೃತಿ ಚಿಕಿತ್ಸಾ ವೈದ್ಯರಾಗಬಯಸುವವರಿಗೆ ಬಿ.ಎನ್.ವೈ.ಎಸ್. ಮೂಲ ಪದವಿಯಾಗಿರುತ್ತದೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಪದವಿಯನ್ನು ನೀಡುತ್ತದೆ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರಿ ಕಾಲೇಜು ಇರುತ್ತದೆ.

ಅರ್ಹತೆ: ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಜೀವಶಾಸ್ತ್ರ ವಿಷಯಗಳನ್ನು ಅಭ್ಯಸಿಸಿ ಉತ್ತೀರ್ಣರಾಗಿರಬೇಕು. ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚಿಕೆ ಮಾಡುತ್ತದೆ.

ಅವಧಿ: ನಾಲ್ಕೂವರೆ ವರ್ಷಗಳ ವ್ಯಾಸಂಗ ಮತ್ತು 1 ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳೊಂದಿಗೆ ಜಲಚಿಕಿತ್ಸೆ, ಮಣ್ಣಿನ ಚಿಕಿತ್ಸೆ, ಉಪವಾಸ, ಪಥ್ಯಾಹಾರ ಹಾಗೂ ಯೋಗ ಚಿಕಿತ್ಸೆಯನ್ನು ಬೋಧಿಸಲಾಗುತ್ತದೆ.

ಉನ್ನತ ವ್ಯಾಸಂಗ: ಪ್ರಕೃತಿ ಚಿಕಿತ್ಸೆ ಅಥವಾ ಯೋಗ ವಿಭಾಗದಲ್ಲಿ 3 ವರ್ಷಗಳ ಎಂ.ಡಿ. ಪದವಿ ಪಡೆಯಬಹುದು. ಈ ಅವಧಿಯಲ್ಲಿ ಆಸ್ಪತ್ರೆಯಲ್ಲಿ ರೋಗಿಗಳ ಚಿಕಿತ್ಸೆಯ ತರಬೇತಿಯೂ ಇರುತ್ತದೆ.

ನೋಂದಣಿ: ವೃತ್ತಿ ಆರಂಭಿಸುವ ಮುನ್ನ 1961ರ ರಾಜ್ಯ ಅಧಿನಿಯಮದಡಿ ವೈದ್ಯರಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಇಂಟರ್ನ್‌ಶಿಪ್ ಪೂರ್ಣಗೊಳಿಸದೆ ನೋಂದಣಿ ದೊರೆಯುವುದಿಲ್ಲ.

ಉದ್ಯೋಗಾವಕಾಶ: ಪ್ರಕೃತಿ ಚಿಕಿತ್ಸಾಲಯಗಳು, ಸರ್ಕಾರಿ ಆಯುಷ್ ಆಸ್ಪತ್ರೆಗಳು, ಬೋಧನೆ, ಸಂಶೋಧನೆ ಹಾಗೂ ಸ್ವಂತ ಚಿಕಿತ್ಸಾಲಯ.

ವಿಶೇಷ ಸೂಚನೆ: ಅಲ್ಪಾವಧಿ ಅಥವಾ ಅಂಚೆ ಶಿಕ್ಷಣದ ಪ್ರಮಾಣಪತ್ರಗಳು ಈ ಪದವಿಗೆ ಸಮಾನವಲ್ಲ. ಮಾನ್ಯತೆಯಿಲ್ಲದ ಸಂಸ್ಥೆಯಲ್ಲಿ ಕಳೆದ ವರ್ಷಗಳು ನೋಂದಣಿಗೆ ಪರಿಗಣಿತವಾಗುವುದಿಲ್ಲ. ಆದುದರಿಂದ ಶುಲ್ಕ ಪಾವತಿಸುವ ಮುನ್ನವೇ ಕಾಲೇಜಿನ ಸಂಯೋಜನೆಯನ್ನು ವಿಶ್ವವಿದ್ಯಾಲಯದಿಂದ ಖಚಿತಪಡಿಸಿಕೊಳ್ಳಲು ಅಭ್ಯರ್ಥಿಗಳನ್ನು ಹಾಗೂ ಪೋಷಕರನ್ನು ಕೋರಲಾಗಿದೆ.