ಏಗೇರಿಯಳ ‘ಅಂತೆ’: ಐಗುಪ್ತದ ಮರುಭೂಮಿಯಲ್ಲಿ ಒಬ್ಬ ಯಾತ್ರಿಕಳು

ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮನ್ ಸಾಮ್ರಾಜ್ಯದ ಪಶ್ಚಿಮದ ಅಂಚಿನಿಂದ, ಬಹುಶಃ ಇಂದಿನ ಸ್ಪೇನಿನ ಗಲೀಸಿಯ ಪ್ರಾಂತದಿಂದ, ಹೊರಟ ಒಬ್ಬ ಸ್ತ್ರೀ ಐಗುಪ್ತ, ಸೀನಾಯಿ, ಯೆರೂಸಲೇಮ್, ಎದೆಸ್ಸ ಮೊದಲಾದ ಸ್ಥಳಗಳನ್ನು ಸಂದರ್ಶಿಸಿ, ಕಂಡುದನ್ನೆಲ್ಲ ಊರಿನಲ್ಲಿದ್ದ ತನ್ನ ಸಹೋದರಿಯರಿಗೆ ಲತೀನ್ ಭಾಷೆಯಲ್ಲಿ ಬರೆದು ತಿಳಿಸಿದಳು. ಸಭಾಚರಿತ್ರೆಯಲ್ಲಿ ಆಕೆಯ ಹೆಸರು ಏಗೇರಿಯ. ಯೆರೂಸಲೇಮಿನ ಆರಾಧನಾಕ್ರಮವನ್ನು ಅಭ್ಯಾಸ ಮಾಡುವವರಿಗೆ ಆಕೆ ಪರಿಚಿತಳು. ಆದರೆ ಅದೇ ಬರಹದ ಮೊದಲ ಭಾಗ, ಅಂದರೆ ಸೀನಾಯಿ ಮತ್ತು ಐಗುಪ್ತದ ವೃತ್ತಾಂತ, ನಮ್ಮ ತರಗತಿಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಈ ಲೇಖನದಲ್ಲಿ ನಾವು ಅದನ್ನೇ ಗಮನಿಸುತ್ತೇವೆ.

ಈ ಬರಹ ಬಹುಕಾಲ ಮರೆಯಾಗಿತ್ತು. 1884ರಲ್ಲಿ ಇಟಲಿಯ ಅರೆಜ್ಜೊ ನಗರದಲ್ಲಿ ಗಾಮುರ್ರೀನಿ ಎಂಬ ವಿದ್ವಾಂಸರು 11ನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ ಅದನ್ನು ಕಂಡುಕೊಂಡರು. ಅದರ ಆದಿಯೂ ಅಂತ್ಯವೂ ನಷ್ಟವಾಗಿವೆ. ಉಳಿದಿರುವ ಮೊದಲ ಪುಟದಲ್ಲಿಯೇ ಯಾತ್ರಿಕಳು ಸೀನಾಯಿ ಬೆಟ್ಟ ಕಾಣುವ ಕಣಿವೆಯಲ್ಲಿ ನಿಂತಿದ್ದಾಳೆ. ಬರಹಗಾರ್ತಿ ಯಾರೆಂಬುದು 1903ರವರೆಗೆ ಸ್ಪಷ್ಟವಾಗಿರಲಿಲ್ಲ. ಏಳನೆಯ ಶತಮಾನದಲ್ಲಿ ವಲೇರಿಯನೆಂಬ ಸನ್ಯಾಸಿ ಆಕೆಯನ್ನು ಹೊಗಳಿ ಬರೆದಿದ್ದ ಪತ್ರದ ಆಧಾರದಿಂದ ಆಕೆಯ ಗುರುತು ಸಿಕ್ಕಿತು. ಯಾತ್ರೆಯ ಕಾಲ ಕ್ರಿ.ಶ. 381ರಿಂದ 384 ಎಂಬುದು ಇಂದು ಹೆಚ್ಚಿನವರು ಒಪ್ಪುವ ನಿರ್ಣಯ.

ಆಕೆಯನ್ನು ‘ಒಂಟಿಯಾಗಿ ಸಂಚರಿಸಿದ ಧೀರ ಸ್ತ್ರೀ’ ಎಂದು ವರ್ಣಿಸುವುದು ವಾಡಿಕೆ. ಧೈರ್ಯದ ಮಾತು ನಿಜ. ಒಂಟಿತನದ ಮಾತು ಪೂರ್ತಿ ನಿಜವಲ್ಲ. ಆಕೆಯ ಬರಹದಲ್ಲಿ ‘ನಾನು’ ಎಂಬುದರ ಜೊತೆಗೆ ‘ನಾವು’ ಎಂಬುದು ಮೇಲಿಂದ ಮೇಲೆ ಬರುತ್ತದೆ. ಆ ‘ನಾವು’ ಯಾರೆಂದು ಆಕೆ ಹೆಸರಿಸುವುದಿಲ್ಲ. ಆದರೆ ದಾರಿಯುದ್ದಕ್ಕೂ ಆಕೆಯನ್ನು ನಡೆಸಿದವರನ್ನು ನಾವು ಕಾಣಬಲ್ಲೆವು.

ಒಂದು ಶನಿವಾರ ಸಂಜೆ ಆಕೆ ಬೆಟ್ಟದ ಬುಡಕ್ಕೆ ಬಂದಳು. ಅಲ್ಲಿನ ಸನ್ಯಾಸಿಗಳು ಆದರದಿಂದ ಬರಮಾಡಿಕೊಂಡರು. ಭಾನುವಾರ ಮುಂಜಾನೆ ಅವರೊಂದಿಗೆ ಏರತೊಡಗಿದಳು. ಸುತ್ತುದಾರಿಯಿಲ್ಲದೆ, ಗೋಡೆಯನ್ನು ಹತ್ತಿದಂತೆ ನೆಟ್ಟಗೆ ಏರಬೇಕಾಗಿತ್ತು. ವಾಹನದ ಮೇಲೆ ಕುಳಿತು ಹೋಗಲು ಸಾಧ್ಯವಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ತುದಿ ಮುಟ್ಟಿದಳು. ಅಲ್ಲಿದ್ದ ಚಿಕ್ಕ ದೇವಾಲಯದ ಬಳಿ ವೃದ್ಧನಾದ ಒಬ್ಬ ಸಭಾಹಿರಿಯನು ಎದುರುಗೊಂಡನು. ಮೋಶೆಯ ಗ್ರಂಥದಿಂದ ಆ ಸ್ಥಳಕ್ಕೆ ಸಂಬಂಧಿಸಿದ ಭಾಗವನ್ನೆಲ್ಲ ಓದಿ, ಪ್ರಭುಭೋಜನದಲ್ಲಿ ಪಾಲುಗೊಂಡ ಮೇಲೆ, ಅಲ್ಲಿಯೇ ಬೆಳೆದ ಹಣ್ಣುಗಳನ್ನು ಅವರು ಆಕೆಗೆ ಪ್ರೀತಿಯ ಕಾಣಿಕೆಯಾಗಿ ಕೊಟ್ಟರು. ಬರಿಯ ಬಂಡೆಯ ಬೆಟ್ಟ ಅದು. ಎಲ್ಲಿ ಹಿಡಿಯಷ್ಟು ಮಣ್ಣಿತ್ತೋ ಅಲ್ಲಿ ಸನ್ಯಾಸಿಗಳು ಸಸಿ ನೆಟ್ಟು ಸಾಕಿದ್ದರು.

ಪಾರಾನ್ ದಾಟಿ ಸಮುದ್ರತೀರದ ಕಡೆಗೆ ತಿರುಗಿದಾಗ ದಾರಿಯೆಂಬುದೇ ಇರಲಿಲ್ಲ, ಎಲ್ಲೆಲ್ಲಿಯೂ ಮರಳು. ಒಂಟೆಗಳೊಡನೆ ಅಲ್ಲಿ ಓಡಾಡುವ ಪಾರಾನಿನವರು ಅಲ್ಲಲ್ಲಿ ಗುರುತುಗಳನ್ನು ಇಟ್ಟುಕೊಂಡಿದ್ದರು. ಹಗಲಿನಲ್ಲಿ ಜನರು ಅವನ್ನು ನೋಡಿ ನಡೆಯುತ್ತಿದ್ದರು, ರಾತ್ರಿಯಲ್ಲಿ ಒಂಟೆಗಳೇ ಅವನ್ನು ಅನುಸರಿಸುತ್ತಿದ್ದವು. ಇಂದಿನ ಸೂಯೆಜ್ ಬಳಿಯ ಕ್ಲಿಸ್ಮದಿಂದ ಗೋಷೆನ್ ಸೀಮೆಯ ಅರೇಬಿಯ ಎಂಬ ಊರಿನವರೆಗೆ ರೋಮನ್ ಸೈನಿಕರು ಕೋಟೆಯಿಂದ ಕೋಟೆಗೆ ಆಕೆಯನ್ನು ತಲಪಿಸಿದರು. ರಾಜಮಾರ್ಗ ಸೇರಿದ ಮೇಲೆ ಅವರನ್ನು ಹಿಂದಕ್ಕೆ ಕಳುಹಿಸಿದಳು. ಮರಳಿನಲ್ಲಿ ಗುರುತು ಇಟ್ಟವರ ಹೆಸರಾಗಲಿ ಸಸಿ ನೆಟ್ಟವರ ಹೆಸರಾಗಲಿ ನಮಗೆ ತಿಳಿದಿಲ್ಲ. ಅವರಿಲ್ಲದೆ ಏಗೇರಿಯಳ ಯಾತ್ರೆಯೂ ಇಲ್ಲ.

ಹೀಗೆ ಇತರರ ಕೈಹಿಡಿದು ನಡೆದವಳು ಇತರರ ಮಾತನ್ನೂ ನಂಬಬೇಕಾಯಿತು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅರೇಬಿಯ ಊರಿಗೆ ನಾಲ್ಕು ಮೈಲಿ ದೂರದಲ್ಲಿ ರಾಮ್ಸೇಸ್ ಪಟ್ಟಣದ ಹಾಳುಬಿದ್ದ ನಿವೇಶನವಿತ್ತು. ಮನೆಯೊಂದೂ ಉಳಿದಿರಲಿಲ್ಲ. ಥೀಬ್ಸ್ ಸೀಮೆಯ ಒಂದು ದೊಡ್ಡ ಕಲ್ಲು ಮಾತ್ರ ನಿಂತಿತ್ತು, ಅದರಲ್ಲಿ ಎರಡು ಬೃಹತ್ ವಿಗ್ರಹಗಳನ್ನು ಕೆತ್ತಲಾಗಿತ್ತು. ಇವು ಮೋಶೆ ಆರೋನರ ವಿಗ್ರಹಗಳು, ಇಸ್ರಾಯೇಲ್ಯರೇ ಅವರ ಗೌರವಾರ್ಥವಾಗಿ ನಿಲ್ಲಿಸಿದರು ಎಂದು ಅಲ್ಲಿನವರು ಹೇಳುತ್ತಿದ್ದರು.

ಇಂದು ನಾವು ಇದನ್ನು ಒಪ್ಪಲಾರೆವು. ಐಗುಪ್ತದ ಶಿಲ್ಪಕಲೆಯನ್ನು ಬಲ್ಲವರಿಗೆ ಅವು ಫರೋಹನ ಇಲ್ಲವೆ ಆ ದೇಶದ ದೇವತೆಯ ಪ್ರತಿಮೆಗಳಾಗಿದ್ದಿರಬೇಕೆಂದು ತೋರುತ್ತದೆ. ಪ್ರಾಕ್ತನಶಾಸ್ತ್ರವಿಲ್ಲದೆಯೂ ಸಂದೇಹ ಪಡಲು ಕಾರಣವಿತ್ತು. ವಿಗ್ರಹ ಮಾಡಿಕೊಳ್ಳಬಾರದೆಂಬ ಆಜ್ಞೆ ದೊರೆತ ಬೆಟ್ಟವನ್ನೂ, ಆರೋನನು ಬಸವನ ವಿಗ್ರಹ ಮಾಡಿಸಿದ ಕಣಿವೆಯೆಂದು ತೋರಿಸಲಾದ ಸ್ಥಳವನ್ನೂ ಆಕೆ ಕೆಲವೇ ದಿನಗಳ ಹಿಂದೆ ನೋಡಿ ಬಂದಿದ್ದಳು. ಯಾರ ದಾಸತ್ವದಿಂದ ದೇವಜನರು ಬಿಡುಗಡೆ ಹೊಂದಿದರೋ ಅವರ ಸ್ಮಾರಕವೇ ಬಿಡುಗಡೆಯ ನಾಯಕರ ಸ್ಮಾರಕವಾಗಿ ಗೌರವ ಪಡೆಯುತ್ತಿತ್ತು. ಇದು ಚಿಕ್ಕ ತಪ್ಪಲ್ಲ.

ಆದರೆ ಏಗೇರಿಯಳ ವಾಕ್ಯರಚನೆಯನ್ನು ಗಮನಿಸಬೇಕು. ವಿಗ್ರಹಗಳು ಇದ್ದುದನ್ನು ಆಕೆ ತಾನು ಕಂಡದ್ದಾಗಿ ಬರೆಯುತ್ತಾಳೆ. ಅವು ಯಾರವು ಎಂಬಲ್ಲಿ ‘ಹೇಳುತ್ತಾರೆ’ ಎಂಬ ಕ್ರಿಯಾಪದವನ್ನು ಇಡುತ್ತಾಳೆ. ನಮ್ಮ ಕನ್ನಡದಲ್ಲಿ ಈ ಕೆಲಸವನ್ನು ‘ಅಂತೆ’ ಎಂಬ ಚಿಕ್ಕ ಪ್ರತ್ಯಯ ಮಾಡುತ್ತದೆ. ‘ಬಂದನು’ ಎಂಬುದು ಕಂಡವನ ಸಾಕ್ಷಿ, ‘ಬಂದನಂತೆ’ ಎಂಬುದು ಕೇಳಿದವನ ಸಾಕ್ಷಿ. ಈ ‘ಅಂತೆ’ ಹೇಳಿದವರನ್ನು ಅವಮಾನಿಸುವುದಿಲ್ಲ, ಕೇಳುವವರನ್ನು ವಂಚಿಸುವುದೂ ಇಲ್ಲ. ಹದಿನಾರು ಶತಮಾನಗಳ ನಂತರ ನಾವು ಆ ಹೇಳಿಕೆಯನ್ನು ಬಿಟ್ಟರೂ ಬರೆದವಳನ್ನು ನಂಬಲು ಸಾಧ್ಯವಾಗಿರುವುದು ಆ ಒಂದು ಪದದಿಂದಲೇ.

ಆಕೆ ಎಲ್ಲೆಡೆಯೂ ಹೀಗೆ ಎಚ್ಚರವಾಗಿದ್ದಳೆಂದು ಹೇಳಲಾಗದು. ಸೀನಾಯಿಯ ತುದಿಯಿಂದ ಐಗುಪ್ತ, ಪಲಸ್ತೀನ, ಕೆಂಪು ಸಮುದ್ರ, ಅಲೆಕ್ಸಾಂದ್ರಿಯದವರೆಗಿನ ಕಡಲು ಎಲ್ಲವೂ ಕೆಳಗೆ ಕಂಡವೆಂದು ಬರೆದಿದ್ದಾಳೆ. 2,285 ಮೀಟರ್ ಎತ್ತರದಿಂದಲೂ ಅಲೆಕ್ಸಾಂದ್ರಿಯದ ಕಡಲು ಕಾಣಿಸದು. ಸನ್ಯಾಸಿಗಳು ಕೈತೋರಿಸಿದ ದಿಕ್ಕನ್ನು ಆಕೆ ಕಣ್ಣಿಗೆ ಬಿದ್ದ ನೋಟವಾಗಿ ಬರೆದಿರಬೇಕು. ನಂಬುವುದೇ ಕಷ್ಟ ಎಂದು ತಾನೇ ಒಂದು ಮಾತು ಸೇರಿಸಿದ್ದಾಳೆ. ಭಕ್ತಿಯ ಉತ್ಕರ್ಷದಲ್ಲಿ ‘ಅಂತೆ’ ಜಾರಿಹೋಗುವುದು ಎಷ್ಟು ಸುಲಭವೆಂಬುದಕ್ಕೆ ಇದೇ ನಿದರ್ಶನ.

ಸಭಾಸೇವೆಗೆ ಸಿದ್ಧರಾಗುವವರಿಗೂ ಸೇವೆಯಲ್ಲಿರುವವರಿಗೂ ಇದು ದೂರದ ವಿಷಯವಲ್ಲ. ನಮ್ಮ ಸಭೆಗಳಿಂದಲೂ ಇಂದು ಜನರು ಐಗುಪ್ತ, ಸೀನಾಯಿಗಳಿಗೆ ಯಾತ್ರೆ ಹೋಗಿ ಬರುತ್ತಾರೆ. ಮಾರ್ಗದರ್ಶಿಯ ಬಾಯಲ್ಲಿ ‘ಇದೇ ಸ್ಥಳವಂತೆ’ ಎಂದಿದ್ದುದು ಪ್ರಸಂಗಪೀಠ ಏರುವಷ್ಟರಲ್ಲಿ ‘ಇದೇ ಸ್ಥಳ’ ಆಗಿರುತ್ತದೆ. ವ್ಯಾಖ್ಯಾನಗ್ರಂಥದಲ್ಲಿ ಒಬ್ಬರ ಊಹೆಯಾಗಿದ್ದದ್ದು ನಮ್ಮ ಪ್ರಸಂಗದಲ್ಲಿ ಚರಿತ್ರೆಯಾಗಿರುತ್ತದೆ. ಹಾಗೆ ಆದಾಗ ಸತ್ಯವೇದಕ್ಕೆ ಬಲ ಬರುವುದಿಲ್ಲ. ಮುಂದೊಂದು ದಿನ ಆ ಕಲ್ಲು ಮೋಶೆಯದಲ್ಲವೆಂದು ತಿಳಿದುಬಂದಾಗ, ಕಲ್ಲಿನೊಂದಿಗೆ ವಾಕ್ಯವನ್ನೂ ಕೆಲವರು ಕೈಬಿಡುವ ಅಪಾಯ ಉಂಟಾಗುತ್ತದೆ.

ಏಗೇರಿಯ ಪವಿತ್ರಸ್ಥಳಗಳಲ್ಲಿ ಅನುಸರಿಸಿದ ಕ್ರಮ ಸರಳವಾದದ್ದು: ಪ್ರಾರ್ಥನೆ, ಸ್ಥಳಕ್ಕೆ ಒಪ್ಪುವ ವಾಕ್ಯಪಠನ, ಒಂದು ಕೀರ್ತನೆ, ಪುನಃ ಪ್ರಾರ್ಥನೆ. ಆಕೆಯ ನಂಬಿಕೆ ನಿಂತಿದ್ದುದು ಈ ಕ್ರಮದ ಮೇಲೆಯೇ ಹೊರತು ರಾಮ್ಸೇಸಿನ ಕಲ್ಲಿನ ಮೇಲಲ್ಲ. ದಾರಿ ತೋರಿಸಿದವರಿಗೆ ನಾವು ಕೃತಜ್ಞರಾಗಿರೋಣ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲಿಯೇ ಮುಂದಕ್ಕೆ ದಾಟಿಸೋಣ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುವುದು ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಸೇರಿದ ಕರ್ತವ್ಯವೇ ಆಗಿದೆ. ಆ ಆಜ್ಞೆಯೂ ಅದೇ ಬೆಟ್ಟದಿಂದ ಬಂದದ್ದು.