ಎರಡು ಪೈಸೆಯ ಕರ, ಕಪಿಲೆಯ ಕೊಳೆ

ನಂಜನಗೂಡಿನಲ್ಲಿ ಮುಡಿ ಕೊಟ್ಟು ಕಪಿಲೆಯಲ್ಲಿ ಮುಳುಗುವ ಭಕ್ತರ ಮೈ ತೊಳೆದ ನೀರೇ ಮುಂದೆ ತಿರುಮಕೂಡಲು ನರಸೀಪುರದ ಸಂಗಮಕ್ಕೆ ಹರಿಯುತ್ತದೆ. ಅಲ್ಲಿ 1989ರಿಂದ ಕುಂಭಮೇಳವೂ ನಡೆದುಬಂದಿದೆ. ಮೇಲಿನ ಊರು ಬಿಟ್ಟದ್ದು ಕೆಳಗಿನ ಊರಿಗೆ ತೀರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದೀಭಾಗಗಳಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಒಂದು.

ಮಾಲಿನ್ಯವೆಂದೊಡನೆ ಕಾರ್ಖಾನೆಯ ಕಡೆ ಬೆರಳು ತೋರುವುದು ವಾಡಿಕೆ. ಊರ ಚರಂಡಿಯ ಮಾತು ಬಂದರೆ ದನಿ ತಗ್ಗುತ್ತದೆ. ಅದು ಪುರಸಭೆಯದು, ಅಂದರೆ ನಮ್ಮದೇ. ಕೊಳೆ ತೊಳೆಯುವ ಖರ್ಚಿನಿಂದ ಬಡ ಪುರಸಭೆಗೆ ವಿನಾಯಿತಿ ಇರಬೇಕೆಂಬ ವಾದ ಹುಟ್ಟುವುದು ಇಲ್ಲಿಯೇ.

ನಮ್ಮ ಕಾನೂನು ಮೊದಲು ಹಾಗೆ ಎಣಿಸಿರಲಿಲ್ಲ. 1974ರ ಜಲಮಾಲಿನ್ಯ ಕಾಯಿದೆಯ ಬೆನ್ನಿಗೇ ಬಂದ 1977ರ ಕರ ಕಾಯಿದೆ, ನಿರ್ದಿಷ್ಟ ಕೈಗಾರಿಕೆಗಳ ಜೊತೆಗೆ ಸ್ಥಳೀಯ ಸಂಸ್ಥೆಗಳ ಮೇಲೂ ಅವು ಬಳಸುವ ನೀರಿಗೆ ಕರ ಹಾಕಿತು. ಉದ್ದೇಶ, ಮಾಲಿನ್ಯ ಮಂಡಳಿಗಳಿಗೆ ಹಣ ಒದಗಿಸುವುದು. ಆದರೆ ದರ ನೋಡಿ: 1991ರ ತಿದ್ದುಪಡಿಯ ನಂತರವೂ ಗೃಹಬಳಕೆಯ ನೀರಿಗೆ ಸಾವಿರ ಲೀಟರಿಗೆ ಎರಡು ಪೈಸೆ! ದಿನಕ್ಕೆ ಒಂದು ಕೋಟಿ ಲೀಟರ್ ಪೂರೈಸುವ ಊರಿಗೆ ಬೀಳುತ್ತಿದ್ದುದು ಇನ್ನೂರು ರೂಪಾಯಿ. ಶುದ್ಧೀಕರಣ ಘಟಕ ಕಟ್ಟಿದವರಿಗೆ ಶೇಕಡಾ 25 ರಿಯಾಯಿತಿ, ಅಂದರೆ ದಿನಕ್ಕೆ ಐವತ್ತು ರೂಪಾಯಿ ಉಳಿತಾಯ. ಅಷ್ಟಕ್ಕಾಗಿ ಯಾವ ಪುರಸಭೆ ತಾನೇ ಘಟಕ ಕಟ್ಟೀತು? ಹೆಸರಿಗೆ ಕರ, ನಿಜದಲ್ಲಿ ವಿನಾಯಿತಿ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಈ ಕರವೂ ರದ್ದಾಯಿತು. ಆದರೆ ಅದೇ ವರ್ಷದ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟು, ಪರ್ಯಾವರಣ ಸುರಕ್ಷಾ ಸಮಿತಿಯ ಮೊಕದ್ದಮೆಯಲ್ಲಿ, ಹಣವಿಲ್ಲವೆಂಬ ನೆಪ ಸಲ್ಲದು, ಬೇಕಿದ್ದರೆ ಬಳಸುವವರಿಂದಲೇ ವಸೂಲು ಮಾಡಿ ಎಂದು ಪುರಸಭೆಗಳಿಗೆ ಹೇಳಿಯಾಗಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಲಕ್ಷಗಳಲ್ಲಿ ಲೆಕ್ಕ ಹಾಕಿತು. ಘಟಕದ ಕೆಲಸ ಆರಂಭಿಸದಿದ್ದರೆ ತಿಂಗಳಿಗೆ ಐದು ಲಕ್ಷ ರೂಪಾಯಿ, ಗಡುವಿನೊಳಗೆ ಮುಗಿಸದಿದ್ದರೆ ಹತ್ತು ಲಕ್ಷ. ಪೈಸೆಯಿಂದ ಲಕ್ಷಕ್ಕೆ ಒಂದೇ ನೆಗೆತ; ನಡುವೆ ಮೆಟ್ಟಿಲೇ ಇಲ್ಲ.

ಅಮೆರಿಕದವರು ಈ ಮೆಟ್ಟಿಲು ಹುಡುಕಿದ್ದುಂಟು. ವಿಷತ್ಯಾಜ್ಯದ ನೆಲ ಶುದ್ಧಿಗೊಳಿಸಲು 1980ರಲ್ಲಿ ಬಂದ ಅವರ ಸೂಪರ್‌ಫಂಡ್ ಕಾನೂನು ನಗರಾಡಳಿತಗಳನ್ನೂ ಹೊಣೆ ಮಾಡಿತು. 1998ರಲ್ಲಿ, ಊರ ಕಸ ಸುರಿದ ನಗರಗಳು ಟನ್ನಿಗೆ ಇಷ್ಟೆಂದು ತೆತ್ತು ವ್ಯಾಜ್ಯ ಬಗೆಹರಿಸಿಕೊಳ್ಳಲು ದಾರಿಯಾಯಿತು. ಹೊಣೆ ಉಳಿಯಿತು, ಹೊರೆ ಇಳಿಯಿತು.

ಪುರಸಭೆಯ ದಂಡವನ್ನು ಕೊನೆಗೆ ತೆರುವವರು ಕಂದಾಯ ಕಟ್ಟುವ ಊರವರೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ವಿನಾಯಿತಿ ಕೊಟ್ಟರೆ ಬಿಲ್ಲು ಹೊಳೆಯ ಕೆಳಗಿನ ಊರಿಗೆ ಹೋಗುತ್ತದೆ, ಅಲ್ಲಿಯವರಿಗೆ ಮೇಲಿನ ಊರಿನಲ್ಲಿ ಓಟೂ ಇಲ್ಲ. 2022ರ ಅಕ್ಟೋಬರಿನಲ್ಲಿ ನ್ಯಾಯಮಂಡಳಿ ತ್ಯಾಜ್ಯ ನಿರ್ವಹಣೆಯ ಲೋಪಕ್ಕಾಗಿ 2,900 ಕೋಟಿ ರೂಪಾಯಿ ಹೊರಿಸಿದ್ದು ಕರ್ನಾಟಕ ರಾಜ್ಯದ ಮೇಲೆ. ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಶುದ್ಧೀಕರಣದ ಕೆಲಸಕ್ಕೇ ಬಳಸಬೇಕೆಂದು ಅದು ಹೇಳಿತು.